ಹೆಬ್ಬೆಟ್ಟಿನ ಹಾಜರಿ

ಓದಿದವರು ಸಹಿ ಹಾಕುವುದು, ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುವುದು ನಮ್ಮ ಹಿರಿಯರ ಕಾಲದ ರೂಢಿ. ಇಂದು ಪದವಿ ಪಡೆದು ಸರ್ಕಾರಿ ಕೆಲಸಕ್ಕೆ ಸೇರಿದ ನಾವೂ ದಿನಕ್ಕೆರಡು ಬಾರಿ ಬೆರಳು ಒತ್ತುತ್ತೇವೆ. ಇದರ ಹಿಂದಿನ ಚರಿತ್ರೆ ಸ್ವಾರಸ್ಯಕರವಾದದ್ದು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಎಂಬ ಊರಿನಲ್ಲಿ ವಿಲಾರ್ಡ್ ಬಂಡಿ ಎಂಬ ಆಭರಣ ವ್ಯಾಪಾರಿಯಿದ್ದ. 1888ರಲ್ಲಿ ಆತ ಹಾಜರಿ ಗಡಿಯಾರವೊಂದನ್ನು ರೂಪಿಸಿದ. ಪ್ರತಿ ಕೆಲಸಗಾರನಿಗೂ ಸಂಖ್ಯೆಯುಳ್ಳ ಕೀಲಿಕೈ. ತೂರಿಸಿ ತಿರುಗಿಸಿದರೆ ಕಾಗದದ ಪಟ್ಟಿಯ ಮೇಲೆ ಸಂಖ್ಯೆಯೂ ವೇಳೆಯೂ ಅಚ್ಚಾಗುತ್ತಿತ್ತು. ಮುಂದೆ ಈ ಉದ್ಯಮ ಬೇರೆ ಕಂಪನಿಗಳೊಡನೆ ಕೂಡಿ, 1924ರಲ್ಲಿ ಐ.ಬಿ.ಎಂ. ಎಂಬ ಹೆಸರು ತಳೆದ ಸಂಸ್ಥೆಯ ಭಾಗವಾಯಿತು.

ಕೀಲಿಕೈಗೆ ಒಂದು ಕೊರತೆಯಿತ್ತು: ಗೆಳೆಯನದನ್ನೂ ತಿರುಗಿಸಬಹುದು! ಬೆರಳನ್ನು ಹಾಗೆ ಎರವಲು ಕೊಡಲಾಗದು. ಬೆರಳ ಗುರುತಿನ ಕಥೆಯಾದರೋ ನಮ್ಮ ದೇಶದ್ದೇ. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್, ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈ ಗುರುತನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಕ್ರಮಕ್ಕಾಗಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆ ಕ್ರಮಕ್ಕೆ ಅಂಟಿಕೊಂಡ ಹೆಸರು ಮೇಲಧಿಕಾರಿ ಹೆನ್ರಿಯದು. ಗುಮಾಸ್ತರಾದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

2014ರಲ್ಲಿ ದೆಹಲಿಯ ಕೇಂದ್ರ ಸರ್ಕಾರದ ಕಚೇರಿಗಳಿಗೆ ಆಧಾರ್ ಹಾಜರಿ ಬಂತು. ಹಿಂದಿನ ಯಂತ್ರಗಳು ಲೆಕ್ಕವನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತಿದ್ದವು. ಇದು ಹಾಗಲ್ಲ, ಬೆರಳ ಗುರುತು ಜಾಲದ ಮೂಲಕ ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಒಪ್ಪಿಗೆ ಬಂದರೇ ಹಾಜರಿ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ ನಿಂತ ಈ ಪದ್ಧತಿ 2021ರ ನವೆಂಬರ್‌ನಲ್ಲಿ ಮರಳಿತು. ಈಚೆಗೆ ಮುಖ ತೋರಿಸುವ ಅನುಕೂಲವೂ ಸೇರಿದೆ.

ಶಿಸ್ತಿಗೆ ನಮ್ಮ ವಿರೋಧವಿಲ್ಲ. ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕುವ ಚಾಳಿ ತಪ್ಪಿದ್ದು ಒಳ್ಳೆಯದೇ. ಆದರೆ ಜಾಲ ಕೈಕೊಟ್ಟ ದಿನ ಬಾಗಿಲಲ್ಲಿ ನಿಂತವನೂ ಗೈರುಹಾಜರಿ. ತಡವಾದರೆ ಅರ್ಧ ದಿನದ ಸಾಂದರ್ಭಿಕ ರಜೆ ಕಳೆಯುವ ನಿಯಮವಿರುವಾಗ ಇದು ಸಣ್ಣ ಮಾತಲ್ಲ. ನೆಲ ಒರೆಸಿ, ಕಡತ ಹೊತ್ತು ರೇಖೆ ಸವೆದ ಬೆರಳುಗಳನ್ನು ಯಂತ್ರ ಸುಲಭವಾಗಿ ಗುರುತಿಸದು. ಹೆಚ್ಚು ದುಡಿದವರಿಗೇ ಹೆಚ್ಚು ತೊಂದರೆ!

ಗುರುತು ಸಿಗದಿರುವುದು ಬೇರೆ, ಬಾರದಿರುವುದು ಬೇರೆ. ಈ ಭೇದವನ್ನು ಯಂತ್ರ ಅರಿಯದು, ಮನುಷ್ಯ ಅರಿಯಬೇಕು. ಆದ್ದರಿಂದ ಜಾಲದ ಪಕ್ಕದಲ್ಲೇ ಹಳೆಯ ಹಾಜರಿ ಪುಸ್ತಕವೂ, ಅದನ್ನು ನಂಬುವ ಅಧಿಕಾರಿಯೂ ಇರಲಿ ಎಂಬುದು ನಮ್ಮ ಆಶಯ.