ಮಾನ್ಯಖೇಟದ ಪರಿಸರದಲ್ಲಿ ನೆಣ, ನೆಯ್ ಮತ್ತು ವೈದ್ಯ

ಸೇಡಂ ತಾಲೂಕಿನ ಕುರಕುಂಟಾ ಸುಣ್ಣಕಲ್ಲಿಗೂ ಸಿಮೆಂಟಿಗೂ ಹೆಸರಾದ ಸೀಮೆಯೊಳಗಿನ ಒಂದು ಗ್ರಾಮ. ಇದೇ ತಾಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿತ್ತೆಂಬುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಆ ನಗರದ ಅರಸರನ್ನೂ ಕವಿಗಳನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅಲ್ಲಿನ ಜನರು ಏನನ್ನು ಉಂಡರು, ಮೈಗೆ ಏನನ್ನು ಪೂಸಿಕೊಂಡರು ಎಂಬ ವಿಚಾರಕ್ಕೆ ಅಷ್ಟು ಮನ್ನಣೆ ದೊರೆತಿಲ್ಲ. ಇತ್ತೀಚೆಗೆ ಈ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಎರಡು ಮಾತುಗಳು ಕೇಳಿಬರುತ್ತಿವೆ. ನಮ್ಮ ಹಿರಿಯರು ತುಪ್ಪವನ್ನಲ್ಲದೆ ಪ್ರಾಣಿಗಳ ಕೊಬ್ಬನ್ನು ಮುಟ್ಟಿದವರೇ ಅಲ್ಲವೆಂಬುದು ಒಂದು. ಪ್ರಾಚೀನರೆಲ್ಲರೂ ಕೊಬ್ಬನ್ನೇ ಉಂಡು, ಕೊಬ್ಬನ್ನೇ ಲೇಪಿಸಿಕೊಂಡು ಗಟ್ಟಿಮುಟ್ಟಾಗಿದ್ದರೆಂಬುದು ಇನ್ನೊಂದು. ಈ ಎರಡನ್ನೂ ಗ್ರಂಥಾಧಾರಗಳ ಮುಂದಿಟ್ಟು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಭಾಷೆಯ ಸಾಕ್ಷ್ಯವನ್ನು ನೋಡೋಣ. ಕನ್ನಡದಲ್ಲಿ 'ನೆಯ್' ಎಂಬ ಹಳೆಯ ಶಬ್ದವೊಂದುಂಟು. ತುಪ್ಪ, ಜಿಡ್ಡು ಎಂದು ಅದರ ಅರ್ಥ. ಬಿಳಿಯ ನೆಯ್ ಬೆಣ್ಣೆಯಾಯಿತು. ಎಳ್ಳಿನ ನೆಯ್ ಎಣ್ಣೆಯಾಯಿತು. ಸಂಸ್ಕೃತದ 'ತೈಲ'ವೂ ತಿಲದಿಂದ ಬಂದದ್ದೇ. ಆದರೆ ಪ್ರಾಣಿಯ ದೇಹದೊಳಗಿನ ಕೊಬ್ಬಿಗೆ ಹಳಗನ್ನಡವು 'ನೆಣ' ಎಂಬ ಬೇರೆಯೇ ಶಬ್ದವನ್ನಿರಿಸಿಕೊಂಡಿದೆ. ಹಾಲಿನಿಂದ ಬಂದ ಜಿಡ್ಡು ಬೇರೆ, ಒಡಲಿನಿಂದ ತೆಗೆದ ಜಿಡ್ಡು ಬೇರೆ ಎಂಬ ವಿವೇಚನೆ ಶಾಸ್ತ್ರಕಾರರಿಗೆ ಮಾತ್ರ ಸೇರಿದ್ದಲ್ಲ, ನಾಡಾಡಿಯ ಬಾಯಲ್ಲಿಯೂ ಅದು ನೆಲೆಸಿತ್ತು.

ಚರಕಸಂಹಿತೆಯ ಸೂತ್ರಸ್ಥಾನದ ಸ್ನೇಹಾಧ್ಯಾಯವು ಸ್ನೇಹದ್ರವ್ಯಗಳನ್ನು ನಾಲ್ಕಾಗಿ ಎಣಿಸುತ್ತದೆ: ಸರ್ಪಿ, ತೈಲ, ವಸಾ, ಮಜ್ಜೆ, ಎಂದರೆ ತುಪ್ಪ, ಎಣ್ಣೆ, ನೆಣ, ಎಲುಬಿನೊಳಗಿನ ಮಜ್ಜೆ. ಇವುಗಳಲ್ಲಿ ತುಪ್ಪಕ್ಕೆ ಅಗ್ರಸ್ಥಾನ. ತುಪ್ಪವನ್ನು ಶರತ್ಕಾಲದಲ್ಲಿ, ನೆಣ ಮಜ್ಜೆಗಳನ್ನು ವಸಂತದಲ್ಲಿ, ಎಣ್ಣೆಯನ್ನು ಮಳೆಗಾಲದ ಮೊದಲಲ್ಲಿ ಸೇವಿಸಬೇಕೆಂದು ವಿಧಿಯಿದೆ. ಪೆಟ್ಟುಬಿದ್ದವರಿಗೆ, ಎಲುಬು ಮುರಿದವರಿಗೆ, ಕಿವಿನೋವು ತಲೆನೋವುಗಳಿಗೆ, ವ್ಯಾಯಾಮ ಮಾಡುವವರಿಗೆ ವಸೆ ಹಿತವೆನ್ನಲಾಗಿದೆ. ಚರ್ಮಕ್ಕೆ ಹಿತವೆಂದು ವಿಶೇಷವಾಗಿ ಹೊಗಳಿರುವುದು ಎಣ್ಣೆಯನ್ನು, ನೆಣವನ್ನಲ್ಲ. ಉರಿ, ಸುಟ್ಟಗಾಯಗಳಿಗೆ ನೀರಿನಲ್ಲಿ ನೂರು ಬಾರಿ ತೊಳೆದ ತುಪ್ಪವಾದ ಶತಧೌತಘೃತವನ್ನು ಲೇಪಿಸುವುದು ಆಯುರ್ವೇದದ ಪ್ರಸಿದ್ಧ ಕ್ರಮ. ಹೀಗೆ ನೆಣಕ್ಕೆ ಶಾಸ್ತ್ರದಲ್ಲಿ ಸ್ಥಾನವಿದ್ದುದು ನಿಜ. ಆ ಸ್ಥಾನವು ನಿಯತವಾದುದು, ಅಳತೆಯುಳ್ಳದ್ದು.

ಇಂತಹ ಶಾಸ್ತ್ರವು ಮಾನ್ಯಖೇಟದ ಕಾಲಕ್ಕೆ ಒಂದು ಕಠಿನ ಪ್ರಶ್ನೆಯನ್ನು ಎದುರಿಸಬೇಕಾಯಿತು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ವೈದ್ಯನು ರೋಗಿಗೆ ಮಾಂಸವನ್ನು ವಿಧಿಸಬಹುದೆ? ಜೈನಾಚಾರ್ಯ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ 'ಕಲ್ಯಾಣಕಾರಕ'ವು ಇದಕ್ಕೆ ಕೊಟ್ಟ ಉತ್ತರ. ಮದ್ಯ, ಮಾಂಸ, ಮಧು ಈ ಮೂರನ್ನೂ ಬಿಟ್ಟು ಚಿಕಿತ್ಸೆಯನ್ನು ಹೇಳುವುದು ಈ ಗ್ರಂಥದ ವೈಶಿಷ್ಟ್ಯ. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಇದು ಪ್ರಕಟವಾಯಿತು. ಗ್ರಂಥದ ಕೊನೆಯ ಹಿತಾಹಿತಾಧ್ಯಾಯದಲ್ಲಿ, ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಮಾಂಸಾಹಾರದ ನಿಷ್ಫಲತೆಯನ್ನು ತಾನು ಪ್ರತಿಪಾದಿಸಿದುದಾಗಿ ಆಚಾರ್ಯನು ಹೇಳಿಕೊಂಡಿದ್ದಾನೆ. ಈ ನೃಪತುಂಗನು ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷನೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಹಾಗಾದಲ್ಲಿ ಆ ವಾದವು ನಡೆದುದು ಇದೇ ಕಾಗಿಣಾ ತೀರದ ರಾಜಧಾನಿಯಲ್ಲಿ ಎಂದು ಊಹಿಸಲು ಅಡ್ಡಿಯಿಲ್ಲ.

ಇಲ್ಲಿ ಒಂದು ಅಂಶವು ಗಮನಾರ್ಹ. ಮಾಂಸವನ್ನು ಬಿಟ್ಟ ಮೇಲೆ ನಾಲ್ಕು ಸ್ನೇಹಗಳಲ್ಲಿ ನೆಣ ಮಜ್ಜೆಗಳ ಆಧಾರವೇ ಕುಸಿಯುತ್ತದೆ. ಅವುಗಳ ಭಾರವೆಲ್ಲ ತುಪ್ಪ ಎಣ್ಣೆಗಳ ಮೇಲೆ ಬೀಳುತ್ತದೆ. ಈ ನಾಡಿನಲ್ಲಿ ತುಪ್ಪಕ್ಕೆ ಬಂದ ಅಸಾಧಾರಣವಾದ ಗೌರವಕ್ಕೆ ಗೋಪೂಜೆಯೊಂದೇ ಕಾರಣವಲ್ಲ, ಈ ವೈದ್ಯಪರಂಪರೆಯೂ ಒಂದು ಕಾರಣವಾಗಿರಬೇಕೆಂದು ನಮ್ಮ ಅಭಿಪ್ರಾಯ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂದು ಕನ್ನಡಕ್ಕೆ ತಂದಾಗಲೂ ಮದ್ಯಮಾಂಸಗಳ ವರ್ಜನೆ ಹಾಗೆಯೇ ಮುಂದುವರಿಯಿತು. ಸಂಸ್ಕೃತವನ್ನರಿಯದ ವೈದ್ಯನ ಕೈಗೂ ಆ ಕ್ರಮವು ಹೀಗೆ ತಲುಪಿತು.

ಆದರೆ ವಾದದಲ್ಲಿ ಗೆದ್ದವನು ಅಡುಗೆಮನೆಯನ್ನೂ ಗೆದ್ದನೆಂದು ತಿಳಿಯಲಾಗದು. ಉಗ್ರಾದಿತ್ಯನು ಸಭೆಯಲ್ಲಿ ಅಷ್ಟು ಆವೇಶದಿಂದ ವಾದಿಸಬೇಕಾಯಿತೆಂಬುದೇ ಮಾಂಸವನ್ನು ವಿಧಿಸುವ ವೈದ್ಯರು ಅಲ್ಲಿ ಕುಳಿತಿದ್ದರೆಂಬುದಕ್ಕೆ ಸಾಕ್ಷಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವನ್ನು (ಸುಮಾರು ಕ್ರಿ.ಶ. 1129) ತೆರೆದರೆ ಅನ್ನಭೋಗದ ಪ್ರಕರಣದಲ್ಲಿ ಹಂದಿಯ ಮಾಂಸವನ್ನು ಹದಗೊಳಿಸಿ ಸುಡುವ ಬಗೆಗಳು ವಿವರವಾಗಿ ಬರುತ್ತವೆ. ಅದೇ ಅರಸನ ಸ್ನಾನಭೋಗದಲ್ಲಾದರೋ ಅಭ್ಯಂಗಕ್ಕೆ ಬಳಸುವುದು ಸುಗಂಧಿತವಾದ ಎಳ್ಳೆಣ್ಣೆ. ಹೊಟ್ಟೆಗೆ ಒಂದು, ಚರ್ಮಕ್ಕೆ ಇನ್ನೊಂದು. ಕೊಬ್ಬನ್ನು ಉಣ್ಣುತ್ತಿದ್ದ ಅರಮನೆಯೂ ಮೈಗೆ ಎಣ್ಣೆಯನ್ನೇ ಆರಿಸಿಕೊಂಡಿತ್ತು.

ಅರಮನೆಯ ಹೊರಗೆ ಇದ್ದವರ ಮಾತನ್ನು ಈ ಗ್ರಂಥಗಳು ಹೇಳುವುದಿಲ್ಲ. ಶಾಸನಗಳಲ್ಲಿ ಗಾಣಗಳಿಂದ ದೇವರ ನಂದಾದೀವಿಗೆಗೆ ಸಲ್ಲಬೇಕಾದ ಎಣ್ಣೆಯ ಲೆಕ್ಕವು ಮತ್ತೆ ಮತ್ತೆ ಬರುತ್ತದೆ. ಎಣ್ಣೆಗೆ ಗಾಣವಿತ್ತು, ಗಾಣಕ್ಕೆ ತೆರೆಯಿತ್ತು, ಆದ್ದರಿಂದ ಲೆಕ್ಕವೂ ಇತ್ತು. ಮನೆಯಲ್ಲಿ ಕಡೆದ ಬೆಣ್ಣೆಗೂ ಕುರಿಯ ಒಡಲಿನ ನೆಣಕ್ಕೂ ಅಂತಹ ಲೆಕ್ಕವನ್ನು ಯಾರು ಬರೆಸಿಡುವರು? ಚಳಿಗಾಲದಲ್ಲಿ ಒಡೆದ ತುಟಿಗೂ ಹಿಮ್ಮಡಿಗೂ ಬೆಣ್ಣೆಯನ್ನೋ ತುಪ್ಪವನ್ನೋ ಸವರುವ ರೂಢಿ ಮನೆಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಜಿಡ್ಡು ಚರ್ಮದೊಳಗಿನ ತೇವವನ್ನು ಆರಗೊಡದೆ ತಡೆಯುತ್ತದೆಂಬುದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ. ತುಪ್ಪದಲ್ಲಿ 'ಎ' ಜೀವಸತ್ವವಿರುವುದು ನಿಜ. ಅದರ ಅರ್ಧಕ್ಕೂ ಮಿಕ್ಕ ಭಾಗ ಸಂತೃಪ್ತ ಕೊಬ್ಬೆಂಬುದೂ ಅಷ್ಟೇ ನಿಜ. ಪ್ರಾಚೀನರ ಹೆಸರು ಹೇಳಿ ಅದನ್ನು ಮಿತಿಯಿಲ್ಲದೆ ಉಣ್ಣುವವರು ಚರಕನು ಋತುವನ್ನೂ ಜೀರ್ಣಶಕ್ತಿಯನ್ನೂ ನೋಡಿ ಸ್ನೇಹದ ಪ್ರಮಾಣವನ್ನು ಗೊತ್ತುಪಡಿಸಿದುದನ್ನು ಓದಿದವರಲ್ಲ.

ಉಗ್ರಾದಿತ್ಯನ ಗ್ರಂಥವನ್ನೂ ಸೋಮನಾಥನ ಕನ್ನಡ ಕೃತಿಯನ್ನೂ ಎದುರುಬದುರಾಗಿಟ್ಟು, ಯಾವ ರೋಗದಲ್ಲಿ ವಸೆಯ ಬದಲು ಯಾವ ದ್ರವ್ಯ ಬಂದಿದೆಯೆಂದು ಒಂದೊಂದಾಗಿ ಗುರುತಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಅದಕ್ಕೆ ಸಂಸ್ಕೃತ, ಹಳಗನ್ನಡ ಎರಡೂ ಬೇಕು. ಜೊತೆಗೆ ಗಿಡಮೂಲಿಕೆಗಳನ್ನು ಬಲ್ಲ ಹಳ್ಳಿಯ ವೈದ್ಯರೊಬ್ಬರ ನೆರವೂ ಬೇಕಾದೀತು.