ಮನೆ ಮಾರಿ ನೋಡು: ಬಳ್ಳಾರಿ ಸೀಮೆಯ ಪಿತ್ರಾರ್ಜಿತದ ಕಥೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ್ದನ್ನು ಮಾರಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಅವರ ಕಾಲಕ್ಕೆ ಅದರ ಅಗತ್ಯ ಹೆಚ್ಚಿರಲಿಲ್ಲ. ಈಗ ಇದೆ. ಮನೆ ಅಜ್ಜನ ಹೆಸರಿನಲ್ಲಿ, ಅಪ್ಪ ತೀರಿಕೊಂಡು ಹತ್ತು ವರ್ಷ, ಒಬ್ಬ ಮಗ ಬೆಂಗಳೂರಿನಲ್ಲಿ, ಮಗಳು ಗಡಿಯಾಚೆ ಆದೋನಿಯಲ್ಲಿ. ಕೊಳ್ಳುವವರು ಮುಂಗಡ ಹಿಡಿದು ಬಂದಾಗ ಏಳುವ ಪ್ರಶ್ನೆಗಳು ಒಂದೇ ಎರಡೇ? ಪ್ರೊಬೇಟ್ ಬೇಕೇ? ತಂಗಿಯ ರುಜು ಬೇಕೇ? ಸರ್ಕಾರಕ್ಕೆ ಎಷ್ಟು ಕಟ್ಟಬೇಕು? ಬಳ್ಳಾರಿ ಸೀಮೆಯಲ್ಲಿ ಈ ಮೂರೂ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೊರಟರೆ ದಾರಿ ಇತಿಹಾಸದ ಕಡೆಗೇ ತಿರುಗುತ್ತದೆ.

ಮನೆಯ ಇತಿಹಾಸಕ್ಕೆ ಇಲ್ಲಿ ಬರವಿಲ್ಲ. ಬಳ್ಳಾರಿಗೆ ಅಂಟಿಕೊಂಡಂತಿರುವ ಸಂಗನಕಲ್ಲಿನ ಗುಡ್ಡಗಳ ಮೇಲೆ ನವಶಿಲಾಯುಗದ ಜನ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಗುಡಿಸಲು ಕಟ್ಟಿಕೊಂಡು ನೆಲೆಸಿದ್ದರು. ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿಯಾಗಿ ತಯಾರಿಸಿದ್ದರು. 1872ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ನೆಲೆಯನ್ನು ಗುರುತಿಸಿದ. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಗೆದು ನೋಡಿದರು. ಆ ಗುಡಿಸಲುಗಳು ಅಪ್ಪನಿಂದ ಮಗನಿಗೆ ಹೋದವೋ, ತಾಯಿಯಿಂದ ಮಗಳಿಗೆ ಹೋದವೋ ಹೇಳಲು ಕಾಗದವಿಲ್ಲ. ಕಾಗದದ ಕಥೆ ಶುರುವಾಗುವುದು ಬಹಳ ತಡವಾಗಿ.

ಕಲ್ಯಾಣದಿಂದ ಬಂದ ಕಾನೂನು

ಹಿಂದೂ ಕುಟುಂಬಗಳ ಆಸ್ತಿಯ ನಿಯಮಕ್ಕೆ ಬುನಾದಿ ಹಾಕಿದವನು ಕನ್ನಡ ನಾಡಿನವನೇ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಕ್ರಿ.ಶ. 1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಕುರುಗೋಡಿನ ಸಿಂದರು ಅದೇ ಚಾಳುಕ್ಯರ ಸಾಮಂತರು. ಬಂಗಾಳವನ್ನು ಬಿಟ್ಟು ಬಹುತೇಕ ಇಡೀ ಭಾರತವೇ ಮಿತಾಕ್ಷರಾವನ್ನು ಒಪ್ಪಿಕೊಂಡಿತು.

ಅದರ ತಿರುಳು ಸರಳ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಸಾಯುವವರೆಗೆ ಕಾಯಬೇಕಿಲ್ಲ. ಹಾಗಾಗಿ ಅಪ್ಪ ಅದನ್ನು ಮನಸ್ಸಿಗೆ ಬಂದಂತೆ ಮಾರುವಂತೆಯೂ ಇಲ್ಲ. ಸತ್ತ ಮೇಲೆ ಇಂಥವರಿಗೇ ಸೇರಲಿ ಎಂದು ಬರೆದಿಡುವ ಪದ್ಧತಿಗೆ ಇಲ್ಲಿ ಜಾಗವೇ ಇರಲಿಲ್ಲ. ಇಂಗ್ಲಿಷಿನ 'ವಿಲ್' ಕನ್ನಡದ ಬಾಯಲ್ಲಿ 'ಉಯಿಲು' ಆದದ್ದೇ ಅದು ಹೊರಗಿನಿಂದ ಬಂದದ್ದು ಎಂಬುದಕ್ಕೆ ಸಾಕ್ಷಿ.

ಭೂಮಿ ಕೈಬದಲಾಗಬೇಕಾದರೆ ಊರವರು, ಬಂಧುಗಳು, ನೆರೆಯವರು, ದಾಯಾದಿಗಳು ಒಪ್ಪಬೇಕು, ಜೊತೆಗೆ ಚಿನ್ನ ಮತ್ತು ನೀರನ್ನು ಧಾರೆಯೆರೆಯಬೇಕು ಎಂಬ ಹಳೆಯ ವಚನವೊಂದನ್ನು ವಿಜ್ಞಾನೇಶ್ವರ ಚರ್ಚಿಸುತ್ತಾನೆ. ಅವನ ವಿವರಣೆ ಸ್ವಾರಸ್ಯಕರ. ಊರವರ ಒಪ್ಪಿಗೆ ವ್ಯವಹಾರ ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು. ನೆರೆಯವರ ಒಪ್ಪಿಗೆ ಗಡಿಯ ತಕರಾರು ಹುಟ್ಟದಿರಲಿ ಎಂದು. ಇಂದಿನ ನೋಂದಣಿ, ಕ್ರಯಪತ್ರದಲ್ಲಿ ಬರೆಯುವ ಚೆಕ್ಕುಬಂದಿ, ವಾರಸುದಾರರ ರುಜು ಇವೆಲ್ಲ ಮಾಡುತ್ತಿರುವುದೂ ಅದೇ ಕೆಲಸವನ್ನು. ಒಂಬೈನೂರು ವರ್ಷಗಳಲ್ಲಿ ಬದಲಾದದ್ದು ಯಾರನ್ನು ದಾಯಾದಿ ಎಂದು ಎಣಿಸಬೇಕು ಎಂಬ ಒಂದು ಲೆಕ್ಕ.

ಬಳ್ಳಾರಿಯಿಂದ ಲಂಡನ್ನಿಗೆ

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಪ್ರಧಾನ ಕಲೆಕ್ಟರಾಗಿ ಬಂದು ರೈತರಿಗೆ ನೇರವಾಗಿ ಪಟ್ಟಾ ಕೊಡುವ ರೈತವಾರಿ ಪದ್ಧತಿಯನ್ನು ಬೆಳೆಸಿದ. ಊರಲ್ಲಿ ದಂಡು ಬಂದು ನೆಲೆಸಿತು. ದಂಡಿನ ಹಿಂದೆ ವ್ಯಾಪಾರ, ವ್ಯಾಪಾರದ ಹಿಂದೆ ಮೊಕದ್ದಮೆ.

ಅಂಥ ಒಂದು ಮೊಕದ್ದಮೆ ಇಡೀ ದೇಶದ ಕಾನೂನಿನಲ್ಲಿ ಬಳ್ಳಾರಿಯ ಹೆಸರು ಉಳಿಸಿದೆ. ದಲಿತ ಮೂಲದ ಕ್ರೈಸ್ತ ಕುಟುಂಬದ ಮ್ಯಾಥ್ಯೂ ಅಬ್ರಹಾಂ ಬಳ್ಳಾರಿಯಲ್ಲಿ ಸಾರಾಯಿ ಬಟ್ಟಿಯ ಉದ್ಯಮದಿಂದ ದೊಡ್ಡ ಶ್ರೀಮಂತನಾದ. ಯುರೇಷಿಯನ್ ಮನೆತನದ ಶಾರ್ಲಟ್‌ಳನ್ನು ಮದುವೆಯಾದ. ತಮ್ಮ ಫ್ರಾನ್ಸಿಸ್ ವ್ಯಾಪಾರದಲ್ಲಿ ಜೊತೆಗೂಡಿದ. 1842ರಲ್ಲಿ ಮ್ಯಾಥ್ಯೂ ತೀರಿಕೊಂಡ. ಉಯಿಲು ಬರೆದಿರಲಿಲ್ಲ.

ಆಸ್ತಿ ಯಾರದು? ನಾವು ಅವಿಭಕ್ತ ಕುಟುಂಬದ ಅಣ್ಣತಮ್ಮಂದಿರು, ಹಿಂದೂ ಪದ್ಧತಿಯಂತೆ ನನಗೂ ಹಕ್ಕಿದೆ ಎಂಬುದು ಫ್ರಾನ್ಸಿಸನ ವಾದ. ನಮ್ಮ ಮನೆ ನಡೆದದ್ದು ಇಂಗ್ಲಿಷ್ ರೀತಿಯಲ್ಲಿ, ಗಂಡನ ಆಸ್ತಿ ನನಗೂ ಮಕ್ಕಳಿಗೂ ಸೇರಬೇಕು ಎಂಬುದು ಶಾರ್ಲಟ್‌ಳ ವಾದ. ಬಳ್ಳಾರಿಯ ಕೋರ್ಟಿನಲ್ಲಿ ಹುಟ್ಟಿದ ವ್ಯಾಜ್ಯ ಮದ್ರಾಸಿನ ಸದರ್ ಅದಾಲತ್ತನ್ನು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತಲುಪಿತು. 1863ರಲ್ಲಿ ತೀರ್ಪು ಬಂತು. ಮತಾಂತರಗೊಂಡವನು ಹಳೆಯ ಪದ್ಧತಿಯನ್ನು ಉಳಿಸಿಕೊಳ್ಳಬಹುದು, ಬಿಡಲೂಬಹುದು. ಅವನು ಬದುಕಿದ ರೀತಿಯೇ ಅದನ್ನು ತೀರ್ಮಾನಿಸುತ್ತದೆ ಎಂದಿತು ಪ್ರಿವಿ ಕೌನ್ಸಿಲ್. ಅವಿಭಕ್ತ ಕುಟುಂಬದ ವಾದ ಬಿದ್ದುಹೋಯಿತು. ಎರಡು ವರ್ಷಗಳ ನಂತರ 1865ರಲ್ಲಿ ಬಂದ ಭಾರತೀಯ ಉತ್ತರಾಧಿಕಾರ ಕಾಯಿದೆ ಕ್ರೈಸ್ತರಿಗೆ ಸಿದ್ಧ ನಿಯಮಗಳನ್ನೇ ಕೊಟ್ಟಿತು. ಅಷ್ಟಾಗಿಯೂ ಉಯಿಲಿಲ್ಲದ ಒಂದು ಸಾವಿನ ಲೆಕ್ಕ ತೀರಲು ಇಪ್ಪತ್ತೊಂದು ವರ್ಷ ಹಿಡಿದಿತ್ತು.

ಪ್ರೊಬೇಟ್ ಎಂಬ ಗುಮ್ಮ

ಉಯಿಲು ನಿಜವಾದದ್ದೇ ಎಂದು ನ್ಯಾಯಾಲಯ ಮೊಹರು ಹಾಕಿ ಕೊಡುವ ಪ್ರಮಾಣವೇ ಪ್ರೊಬೇಟ್. 1870ರ ಹಿಂದೂ ಉಯಿಲು ಕಾಯಿದೆ ಇದನ್ನು ಹಿಂದೂಗಳಿಗೂ ತಂದಿತು. ಆದರೆ ಎಲ್ಲ ಕಡೆಗೂ ಅಲ್ಲ. ಬಂಗಾಳ ಪ್ರಾಂತ, ಮದ್ರಾಸ್ ಮತ್ತು ಬೊಂಬಾಯಿ ನಗರಗಳಿಗೆ ಮಾತ್ರ. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು, ಆದರೆ ಮದ್ರಾಸ್ ನಗರದಲ್ಲಿರಲಿಲ್ಲ. ಹೀಗಾಗಿ ಸಂಗನಕಲ್ಲಿನ ರೈತ ಬರೆದ ಉಯಿಲಿಗೆ ಪ್ರೊಬೇಟ್ ಕಡ್ಡಾಯವಾಗಲಿಲ್ಲ. ಅದೇ ರೈತ ಮದ್ರಾಸಿನಲ್ಲಿ ಒಂದು ಮನೆ ಕೊಂಡಿದ್ದರೆ ಆ ಮನೆಯ ಮಟ್ಟಿಗೆ ಕಡ್ಡಾಯವಾಗುತ್ತಿತ್ತು. 1925ರ ಉತ್ತರಾಧಿಕಾರ ಕಾಯಿದೆಯ 57 ಮತ್ತು 213ನೇ ಕಲಮುಗಳು ಇದೇ ನಕ್ಷೆಯನ್ನು ಉಳಿಸಿಕೊಂಡವು. ನೂರು ವರ್ಷ ಉಳಿದ ಈ 213ನೇ ಕಲಮನ್ನು ಸಂಸತ್ತು 2025ರ ಡಿಸೆಂಬರಿನಲ್ಲಿ ತೆಗೆದುಹಾಕಿತು.

ಹಾಗೆಂದು ಉಯಿಲನ್ನು ತೋರಿಸಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಉಯಿಲಿಗೆ ಇಬ್ಬರು ಸಾಕ್ಷಿಗಳ ರುಜು ಬೇಕು. ತಕರಾರು ಬಂದರೆ ಬದುಕಿರುವ ಸಾಕ್ಷಿಯೊಬ್ಬರಾದರೂ ಬಂದು ಹೇಳಬೇಕು. ಉಯಿಲನ್ನು ಮುಂದಿಡುವವನೇ ಅದನ್ನು ಬರೆಸುವುದರಲ್ಲಿ ಮುಂದಾಗಿದ್ದು, ಲಾಭವನ್ನೂ ಪಡೆದಿದ್ದರೆ ಅನುಮಾನ ಹೋಗಲಾಡಿಸುವ ಹೊಣೆ ಅವನದೇ. ಈ ಸೂತ್ರವನ್ನು ಸುಪ್ರೀಂ ಕೋರ್ಟು ಗಟ್ಟಿಯಾಗಿ ಹೇಳಿದ್ದು ಮೈಸೂರು ಸೀಮೆಯಿಂದ ಹೋದ ಮೊಕದ್ದಮೆಯಲ್ಲಿ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ನಡುವಿನ ಆ ಪ್ರಕರಣವನ್ನು ವಕೀಲರು ಇಂದಿಗೂ ಉದ್ಧರಿಸುತ್ತಾರೆ. ಇನ್ನು ಬ್ಯಾಂಕಿನ ಠೇವಣಿ, ಷೇರುಗಳಿಗೆ ಕೇಳುವ ಉತ್ತರಾಧಿಕಾರ ಪ್ರಮಾಣಪತ್ರ ಬೇರೆಯೇ. ಅದು ಮನೆಗೆ ಅನ್ವಯಿಸುವುದಿಲ್ಲ.

ಉಯಿಲೇ ಇಲ್ಲದಿದ್ದರೆ ದಾರಿ ಮತ್ತೊಂದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅದರ ಮೇಲೆ ಪೌತಿ ಖಾತೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು ದಾಖಲೆ, ಕೊನೆಗೆ ಎಲ್ಲ ವಾರಸುದಾರರ ರುಜುವಿರುವ ಕ್ರಯಪತ್ರ. ಖಾತೆ ಒಬ್ಬರ ಹೆಸರಿಗೆ ಬಂದ ಮಾತ್ರಕ್ಕೆ ಮನೆ ಅವರೊಬ್ಬರದೇ ಆಗುವುದಿಲ್ಲ. ಖಾತೆ ಎಂದರೆ ತೆರಿಗೆ ಯಾರು ಕಟ್ಟಬೇಕೆಂಬ ಲೆಕ್ಕ ಅಷ್ಟೆ. ಹಳ್ಳಿಮನೆಗಳಿಗೆ ಇನ್ನೊಂದು ತೊಡಕು ಉಂಟು. ಮದ್ರಾಸ್ ಪ್ರಾಂತದಲ್ಲಿ ಊರೊಳಗಿನ ಮನೆ ಜಾಗ, ಅಂದರೆ ಗ್ರಾಮನತ್ತಂ, ಕಂದಾಯಕ್ಕೆ ಒಳಪಡುತ್ತಿರಲಿಲ್ಲ. ಹೊಲಕ್ಕೆ ಇದ್ದಷ್ಟು ದಾಖಲೆ ಮನೆಗೆ ಬೆಳೆಯಲಿಲ್ಲ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಮನೆಗಳನ್ನು ಅಳೆಯುತ್ತಿರುವುದು ಈ ಕೊರತೆ ತುಂಬುವುದಕ್ಕೇ.

ಗಡಿಗೆರೆ ಮತ್ತು ಹೆಣ್ಣುಮಕ್ಕಳು

ತಂಗಿಯ ರುಜುವಿನ ಪ್ರಶ್ನೆ ಈ ಕಥೆಯ ಅತಿ ಕಹಿಯಾದ ಭಾಗ. ಇಲ್ಲಿ ಬಳ್ಳಾರಿಯ ಭೂಗೋಳ ಮತ್ತೆ ಮತ್ತೆ ಆಟವಾಡಿದೆ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿಗೆ ಕಾಯಿದೆ ಮಾಡಿತು. ಬ್ರಿಟಿಷ್ ಭಾರತಕ್ಕೆ ಅಂಥ ಕಾಯಿದೆ, ಅದೂ ವಿಧವೆಯರಿಗಾಗಿ, ಬಂದದ್ದು 1937ರಲ್ಲಿ. ಆ ನಾಲ್ಕು ವರ್ಷ ಚಿತ್ರದುರ್ಗದ ವಿಧವೆಗೆ ಇದ್ದ ಹಕ್ಕು ಪಕ್ಕದ ಬಳ್ಳಾರಿಯ ವಿಧವೆಗೆ ಇರಲಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಜಿಲ್ಲೆ ಸೀಳಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮುಂತಾದವು ಮೈಸೂರಿಗೆ ಸೇರಿದವು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಎರಡೂ ಕಡೆ ಒಂದೇ. ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದಿತು. ಆದರೆ 23ನೇ ಕಲಮಿನಲ್ಲಿ ಒಂದು ಕೊಕ್ಕೆ ಇತ್ತು. ಕುಟುಂಬ ವಾಸವಿರುವ ಮನೆಯನ್ನು ಪಾಲು ಮಾಡಿ ಎಂದು ಮಗಳು ಕೇಳುವಂತಿರಲಿಲ್ಲ. ಗಂಡುಮಕ್ಕಳು ಮನಸ್ಸು ಮಾಡುವವರೆಗೆ ಕಾಯಬೇಕಿತ್ತು. ಪಾಲು ಕಾಗದದಲ್ಲಿತ್ತು, ಮನೆ ಅಣ್ಣನ ಕೈಯಲ್ಲಿತ್ತು.

ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಹೆಣ್ಣುಮಕ್ಕಳಿಗೂ ಆಂಧ್ರ ಕೊಟ್ಟದ್ದು 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬರುವಂತೆ. ಕರ್ನಾಟಕ ಕೊಟ್ಟದ್ದು 1994ರ ಜುಲೈ 30ರಿಂದ. ಎರಡೂ ಕಡೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟರು. ಇದರ ಅರ್ಥವೇನು? 1988ರಲ್ಲಿ ರಾಯದುರ್ಗದ ಮನೆಯೊಂದರ ಮಗಳಿಗೂ ಸಂಗನಕಲ್ಲಿನ ಮನೆಯೊಂದರ ಮಗಳಿಗೂ ಮದುವೆಯಾಯಿತು ಎನ್ನೋಣ. ಮೊದಲನೆಯವಳಿಗೆ ಅಜ್ಜನ ಮನೆಯಲ್ಲಿ ಹುಟ್ಟುಹಕ್ಕು ಸಿಕ್ಕಿತು. ಎರಡನೆಯವಳಿಗೆ ಸಿಗಲಿಲ್ಲ. ಮೂವತ್ತೈದು ವರ್ಷಗಳ ಹಿಂದೆ ಒಂದೇ ಜಿಲ್ಲೆಯಾಗಿದ್ದ ನೆಲದ ಮೇಲೆ ಎಳೆದ ಗೆರೆ ಇಬ್ಬರ ಹಣೆಬರಹವನ್ನು ಬೇರೆ ಮಾಡಿತ್ತು.

ಈ ಅಂತರ ಅಳಿಸಿದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ. ಮದುವೆಯಾಗಲಿ ಆಗದಿರಲಿ, ಮಗಳಿಗೂ ಹುಟ್ಟಿನಿಂದ ಸಮಪಾಲು. 23ನೇ ಕಲಮು ರದ್ದಾಯಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಮುಗಿದ ಪಾಲು, ಮಾರಾಟಗಳನ್ನು ಮಾತ್ರ ಮುಟ್ಟಲಿಲ್ಲ. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಉಂಟು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೊಂದಲ ತೀರಿಸಿತು. ಮುಸ್ಲಿಂ ಕುಟುಂಬಗಳಿಗೆ ಬೇರೆ ನಿಯಮ. ಅಲ್ಲಿ ಮಗಳಿಗೆ ಮಗನ ಅರ್ಧದಷ್ಟು ನಿಶ್ಚಿತ ಪಾಲು, ಉಯಿಲು ಬರೆಯುವುದಾದರೆ ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗಕ್ಕೆ ಮಿತಿ.

ಕಾನೂನು ಇಷ್ಟು ದೂರ ಬಂದರೂ ಹಬ್ಬಕ್ಕೆ ಬಂದ ಅಕ್ಕತಂಗಿಯರಿಂದ ಅರಿಶಿನ ಕುಂಕುಮದ ಜೊತೆಗೇ ಹಕ್ಕು ಖುಲಾಸೆ ಪತ್ರಕ್ಕೆ ರುಜು ಪಡೆಯುವ ರೂಢಿ ನಿಂತಿಲ್ಲ. ಮನಸಾರೆ ಬಿಟ್ಟುಕೊಟ್ಟರೆ ಅಡ್ಡಿಯಿಲ್ಲ. ಮರೆಮಾಚಿ ಪಡೆದದ್ದು ಮುಂದೊಂದು ದಿನ ಕೊಂಡವರ ತಲೆಯ ಮೇಲೇ ಬರುತ್ತದೆ.

ಸತ್ತಾಗಲ್ಲ, ಮಾರಿದಾಗ

ಉಳಿದದ್ದು ತೆರಿಗೆ. ಬಳ್ಳಾರಿ ಮೈಸೂರು ಸೇರಿದ ಹದಿನಾಲ್ಕು ದಿನಗಳಿಗೆ, 1953ರ ಅಕ್ಟೋಬರ್ 15ರಂದು ದೇಶಕ್ಕೆಲ್ಲ ಎಸ್ಟೇಟ್ ಡ್ಯೂಟಿ, ಅಂದರೆ ಮರಣ ಸುಂಕ ಬಂತು. ಸತ್ತವರ ಆಸ್ತಿ ನಿಗದಿತ ಮೊತ್ತ ಮೀರಿದರೆ ವಾರಸುದಾರರು ಸುಂಕ ಕಟ್ಟಬೇಕಿತ್ತು. ಮುಂದೆ ಅದರ ಗರಿಷ್ಠ ದರ ಶೇಕಡಾ 85ಕ್ಕೆ ಏರಿತು. ಬರುವ ಹಣ ಅಲ್ಪ, ವ್ಯಾಜ್ಯ ಅಪಾರ ಎಂಬ ಕಾರಣಕ್ಕೆ ಅರ್ಥಮಂತ್ರಿ ವಿ.ಪಿ. ಸಿಂಗ್ 1985ರಲ್ಲಿ ಅದನ್ನು ತೆಗೆದುಹಾಕಿದರು. ಅಂದಿನಿಂದ ಆಸ್ತಿ ವಾರಸಾಗಿ ಬಂದದ್ದಕ್ಕೆ ನಮ್ಮಲ್ಲಿ ತೆರಿಗೆ ಇಲ್ಲ.

ತೆರಿಗೆ ಬರುವುದು ಮಾರಿದಾಗ. ಬಂಡವಾಳ ಲಾಭದ ತೆರಿಗೆ 1947ರಲ್ಲಿ ಒಮ್ಮೆ ಬಂದು ಮರೆಯಾಗಿತ್ತು. ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ವರದಿಯ ನಂತರ 1956ರಲ್ಲಿ ಮರಳಿತು. ವಾರಸಾಗಿ ಬಂದ ಮನೆಗೆ ನಾವು ಏನೂ ಕೊಟ್ಟಿಲ್ಲವಲ್ಲ, ಹಾಗಾದರೆ ಇಡೀ ಬೆಲೆಯೇ ಲಾಭವೇ? ಅಲ್ಲ. ಹಿಂದಿನ ಮಾಲೀಕ ಕೊಟ್ಟ ಬೆಲೆಯೇ ನಮ್ಮ ಬೆಲೆ. ಬಹಳ ಹಳೆಯ ಮನೆಯಾದರೆ ಒಂದು ಗೊತ್ತಾದ ದಿನದ ಮೌಲ್ಯ ಹಿಡಿಯಬಹುದು. ಆ ದಿನ 1954ರಿಂದ 1964, 1974, 1981 ಎಂದು ಸರಿಯುತ್ತ ಬಂದು ಈಗ 2001ರ ಏಪ್ರಿಲ್ 1ರಲ್ಲಿ ನಿಂತಿದೆ.

ಲೆಕ್ಕ ಹೀಗಿದೆ. ಅಜ್ಜ 1960ರಲ್ಲಿ ಕಟ್ಟಿದ ಮನೆಗೆ 2001ರಲ್ಲಿ 6 ಲಕ್ಷ ರೂಪಾಯಿ ಮೌಲ್ಯ ಇತ್ತು, 2025–26ರಲ್ಲಿ 40 ಲಕ್ಷಕ್ಕೆ ಮಾರಾಟವಾಯಿತು ಎನ್ನೋಣ. ನೇರ ಲಾಭ 34 ಲಕ್ಷ. ಅದಕ್ಕೆ ಶೇಕಡಾ 12.5ರಂತೆ 4.25 ಲಕ್ಷ ತೆರಿಗೆ. ಬೆಲೆಯೇರಿಕೆಯ ಸೂಚ್ಯಂಕ (100ರಿಂದ 376) ಹಿಡಿದರೆ 6 ಲಕ್ಷ 22.56 ಲಕ್ಷವಾಗುತ್ತದೆ. ಲಾಭ 17.44 ಲಕ್ಷಕ್ಕೆ ಇಳಿಯುತ್ತದೆ. ಶೇಕಡಾ 20ರಂತೆ ತೆರಿಗೆ ಸುಮಾರು 3.49 ಲಕ್ಷ. 2024ರ ಜುಲೈ 23ಕ್ಕೆ ಮೊದಲು ಬಂದ ಆಸ್ತಿಗೆ, ದೇಶದಲ್ಲೇ ವಾಸಿಸುವ ವ್ಯಕ್ತಿಗಳಿಗೆ, ಎರಡರಲ್ಲಿ ಕಡಿಮೆಯಾದದ್ದು ಸಾಕು. ಮಾರಿದವರು ನಾಲ್ವರಾದರೆ ಲಾಭವೂ ನಾಲ್ಕು ಪಾಲು, ಲೆಕ್ಕವೂ ಅವರವರದೇ. ಲಾಭವನ್ನು ನಿಗದಿತ ಅವಧಿಯಲ್ಲಿ ಇನ್ನೊಂದು ಮನೆಗೆ ಹಾಕಿದರೆ ವಿನಾಯಿತಿ ಉಂಟು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇಕಡಾ 1 ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು.

ಹಾಗಾಗಿ ಮನೆ ಮಾರುವ ಮೊದಲು ಮಾಡಬೇಕಾದ ಕೆಲಸ ಕೋರ್ಟಿನದೂ ಅಲ್ಲ, ತೆರಿಗೆ ಕಚೇರಿಯದೂ ಅಲ್ಲ. ವಂಶವೃಕ್ಷವನ್ನು ಸರಿಯಾಗಿ ಬರೆಯುವುದು, ಮದುವೆಯಾಗಿ ಹೋದವರ ಹೆಸರನ್ನೂ ಬಿಡದೆ ಬರೆಯುವುದು. ದಾಯಾದಿಗಳ ಒಪ್ಪಿಗೆಯಿಲ್ಲದೆ ಭೂಮಿ ಕೈಬದಲಾಗದು ಎಂಬ ಮಾತನ್ನು ವಿಜ್ಞಾನೇಶ್ವರ ಚರ್ಚಿಸಿದಾಗ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕು ಇರಲಿಲ್ಲ. ಈಗ ಇದೆ. ಹಳೆಯ ಸೂತ್ರ ಹಾಗೇ ಉಳಿದಿದೆ, ರುಜು ಹಾಕುವವರ ಸಾಲು ಉದ್ದವಾಗಿದೆ.