ಪಾರ್ಥೇನಿಯಂ: ಹೂ ಬಿಡುವ ಮುನ್ನವೇ ಗುರುತಿಸುವುದು ಹೇಗೆ?

ಖಾಲಿ ನಿವೇಶನ, ರೈಲು ಹಳಿಯ ಅಂಚು, ರಸ್ತೆ ಬದಿಗಳಲ್ಲಿ ಸೊಂಪಾಗಿ ಬೆಳೆಯುವ ಪಾರ್ಥೇನಿಯಂ ಸೇವಂತಿಗೆಯ ಕುಟುಂಬಕ್ಕೆ ಸೇರಿದ ಏಕವಾರ್ಷಿಕ ಕಳೆ. ಅಮೆರಿಕ ಖಂಡದ ಉಷ್ಣ ಪ್ರದೇಶ ಇದರ ತವರು. ಭಾರತದಲ್ಲಿ ಇದು 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು. ಬಿಳಿ ಟೋಪಿಯಂತೆ ಕಾಣುವ ಹೂವಿನಿಂದಾಗಿ ನಮ್ಮಲ್ಲಿ 'ಕಾಂಗ್ರೆಸ್ ಗಿಡ' ಎಂಬ ಹೆಸರು ಬಂದಿತೆಂದು ಹೇಳುವುದುಂಟು.

ಹೂ ಬಿಟ್ಟ ಗಿಡವನ್ನು ಯಾರಾದರೂ ಗುರುತಿಸಬಲ್ಲರು. ಆದರೆ ಮೊಳೆತ ಸುಮಾರು ಒಂದು ತಿಂಗಳಲ್ಲೇ ಹೂ ಬಿಟ್ಟು ಸಾವಿರಾರು ಬೀಜ ಚೆಲ್ಲುವ ಈ ಕಳೆಯನ್ನು ಎಳೆಯದಿದ್ದಾಗಲೇ ಗುರುತಿಸುವುದು ಮುಖ್ಯ. ಆ ಹಂತದಲ್ಲಿ ಎಲೆಗಳು ನೆಲಕ್ಕೆ ಒತ್ತಿಕೊಂಡು ಚಕ್ರಾಕಾರವಾಗಿ ಹರಡಿರುತ್ತವೆ. ಕ್ಯಾರೆಟ್ ಅಥವಾ ಸೇವಂತಿಗೆಯ ಎಲೆಯಂತೆ ಆಳವಾಗಿ ಸೀಳಿರುತ್ತವೆ. ಚೆಂಡುಹೂವಿನ ಸಸಿಯೆಂದು ನೀರೆರೆದು ಸಾಕಿದವರೂ ಇದ್ದಾರೆ! ಚೆಂಡುಹೂವಿನ ಸಸಿಯಲ್ಲಿ ಕೆಳಗಿನ ಎಲೆಗಳು ಎದುರುಬದುರಾಗಿರುತ್ತವೆ, ಪಾರ್ಥೇನಿಯಂನಲ್ಲಿ ಒಂದಾದ ಮೇಲೊಂದರಂತೆ ಪರ್ಯಾಯವಾಗಿರುತ್ತವೆ. ಕಾಂಡ ಮೇಲೆದ್ದ ಮೇಲೆ ಉದ್ದುದ್ದನೆಯ ಗೀರುಗಳೂ ನವಿರು ರೋಮಗಳೂ ಕಾಣುತ್ತವೆ.

ಮಾಚಿಪತ್ರೆಯ ಎಲೆಯೂ ಸೀಳಿರುವುದರಿಂದ ಗೊಂದಲ ಸಹಜ. ಅದರ ಎಲೆಯ ಅಡಿಭಾಗ ಬೂದುಬಿಳುಪು, ತಿಕ್ಕಿದರೆ ಸುವಾಸನೆ. ಆದರೆ ಗುರುತು ಸಿಗದ ಗಿಡವನ್ನು ತಿಕ್ಕಿ ನೋಡುವ ಸಾಹಸ ಬೇಡ. ಪಾರ್ಥೇನಿಯಂನಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವು ಚರ್ಮಕ್ಕೆ ತಾಗಿದರೆ ಕೆಲವರಲ್ಲಿ ತೀವ್ರ ಅಲರ್ಜಿ ಉಂಟಾಗುತ್ತದೆ. ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ತುರಿಕೆ ಹತ್ತಿ ಚರ್ಮ ದಪ್ಪಗಟ್ಟುವುದುಂಟು. ಪರಾಗದಿಂದ ನೆಗಡಿ, ಉಬ್ಬಸವೂ ಬರಬಹುದು. ಹೂಗುಚ್ಛಗಳಲ್ಲಿ ಅಂದಕ್ಕೆಂದು ಇದೇ ಹೂವನ್ನು ಸಿಕ್ಕಿಸುವವರಿಗೆ ಏನೆನ್ನೋಣ?

ಹೂವಿನ ಗುರುತು ಖಚಿತ. ಸುಮಾರು 4 ಮಿ.ಮೀ. ಅಗಲದ, ತುಸು ಐದು ಮೂಲೆಯ ಬಿಳಿ ಗುಂಡಿಯಂತಹ ಪುಷ್ಪಮಂಜರಿ. ಅಂಚಿನಲ್ಲಿ ಸಾಮಾನ್ಯವಾಗಿ ಐದು ಪುಟ್ಟ ಎಸಳುಗಳು. ಬೀಜ ಕಟ್ಟುವುದು ಈ ಅಂಚಿನ ಹೂಗಳಲ್ಲಿ ಮಾತ್ರ, ನಡುವಿನವು ಬಂಜೆ.

ಕೀಳುವುದಾದರೆ ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬರುವ ಮುನ್ನ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಎಲೆಗಳ ಮೇಲೆ ಕಪ್ಪು ಗೆರೆಗಳುಳ್ಳ ನಸುಬಿಳುಪಿನ ದುಂಬಿಗಳು ಕಂಡರೆ ಅವುಗಳನ್ನು ಕೊಲ್ಲಬೇಡಿ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೊಗ್ರಾಮ ದುಂಬಿಯ ಸಂತತಿಯಿದು. ಮಳೆಗಾಲದಲ್ಲಿ ಇವು ಗಿಡದ ಎಲೆಗಳನ್ನೆಲ್ಲ ತಿಂದು ಬರಿದು ಮಾಡುತ್ತವೆ, ಒಣಹವೆಯಲ್ಲಿ ಮಣ್ಣು ಸೇರಿ ಸುಪ್ತವಾಗಿರುತ್ತವೆ.